ಮೇಲಿನ ಕೋರ್ಟಿನ ವಕೀಲ

ಕುಮಟೆಯ ಕಕ್ಷಿಗಾರನಿಗೆ 'ಮೇಲಿನ ಕೋರ್ಟು' ಎಂಬುದು ಬಹುಕಾಲ ದೂರದ ಊರೊಂದರ ಹೆಸರೇ ಆಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಮುಂಬಯಿ; ಆಮೇಲೆ ಬೆಂಗಳೂರು; 2008ರಲ್ಲಿ ಸಂಚಾರಿ ಪೀಠ ಬಂದಂದಿನಿಂದ ಘಟ್ಟದ ಮೇಲಿನ ಧಾರವಾಡ. 1875ರಷ್ಟು ಹಿಂದೆಯೇ ನಮ್ಮ ಜಿಲ್ಲೆಯ ವೈಕುಂಠ ಬಾಪುಜಿಯವರು ಕಂದಾಯದ ಹೆಚ್ಚಳವನ್ನು ಪ್ರಶ್ನಿಸಿ ಮುಂಬಯಿ ಸರ್ಕಾರದ ಮೇಲೆ ಹೂಡಿದ್ದ ವ್ಯಾಜ್ಯ ಅಲ್ಲಿನ ಉಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಹಿಡುವಳಿದಾರರು ಸೋತರು. ಆದರೆ ಕರಾವಳಿಯ ಭೂಹಿಡುವಳಿಯ ಇತಿಹಾಸವನ್ನೆಲ್ಲ ಕೆದಕಿ ಬರೆದ ಆ ದೀರ್ಘ ತೀರ್ಪನ್ನು ಇಂದಿಗೂ ಆಸಕ್ತರು ಓದುತ್ತಾರೆ.

ಅಮೆರಿಕದಲ್ಲಿ ರಾಜ್ಯದ ನ್ಯಾಯಾಲಯಗಳೂ ಒಕ್ಕೂಟದ ನ್ಯಾಯಾಲಯಗಳೂ ಎರಡು ಬೇರೆ ಏಣಿಗಳು. ನಮ್ಮದು ಒಂದೇ ಏಣಿ. ಏರಿದಂತೆ ಮೆಟ್ಟಿಲು ಕಿರಿದಾಗುತ್ತದೆ. ಮೊದಲ ಅಪೀಲಿನಲ್ಲಿ ಸಂಗತಿ, ಕಾನೂನು ಎರಡನ್ನೂ ಎತ್ತಬಹುದು. ಉಚ್ಚ ನ್ಯಾಯಾಲಯದ ಎರಡನೆಯ ಅಪೀಲಿಗೆ, 1976ರ ತಿದ್ದುಪಡಿಯ ಅನಂತರ, ಕಾನೂನಿನ ಮಹತ್ವದ ಪ್ರಶ್ನೆಯೊಂದು ಇರಲೇಬೇಕು. ಸಂವಿಧಾನದ 136ನೆಯ ವಿಧಿಯಂತೆ ದಿಲ್ಲಿಗೆ ಹೋಗುವುದಂತೂ ಹಕ್ಕಲ್ಲ, ನ್ಯಾಯಾಲಯದ ಅನುಮತಿ.

ಇದನ್ನು ಕಕ್ಷಿಗಾರರಿಗೆ ತಿಳಿಯಹೇಳುವುದೇ ನಮ್ಮ ಕಸುಬಿನ ಕಠಿಣ ಭಾಗ.

ಸುಮಾರು ನಲವತ್ತು ವರ್ಷಗಳ ಹಿಂದೆ ಅಘನಾಶಿನಿಯ ದಂಡೆಯ ವೃದ್ಧೆಯೊಬ್ಬರು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ, ನನ್ನ ಕಚೇರಿಗೆ, ಬಂದರು. ಮನೆಯಿದ್ದ ಜಾಗ ಮೂಲಗೇಣಿಯದೆಂದು ಅವರ ವಾದ. ಚಾಲಗೇಣಿ, ಬೇಕೆಂದಾಗ ಬಿಡಿಸಬಹುದು ಎಂದು ಭೂಮಾಲಿಕರದು. ಎರಡು ಕೋರ್ಟುಗಳಲ್ಲಿ ಸೋತಿದ್ದರು. ಬಟ್ಟೆಯ ಗಂಟು ಬಿಚ್ಚಿ ಹಳೆಯ ಗೇಣಿ ರಶೀದಿಗಳನ್ನು ಮೇಜಿನ ಮೇಲೆ ಹರಡಿದರು.

"ಇವನ್ನು ಕೆಳಗಿನ ಕೋರ್ಟಿಗೆ ಕೊಟ್ಟಿದ್ದಿರಾ, ಅಮ್ಮ?"

"ಯಾರೂ ಕೇಳಲಿಲ್ಲ, ವಕೀಲರೇ. ಪೆಟ್ಟಿಗೆಯಲ್ಲೇ ಇದ್ದವು. ನೆರೆಮನೆಯವರೂ ಬಂದು ಸಾಕ್ಷಿ ಹೇಳುತ್ತಾರೆ."

ಅಪೀಲಿನಲ್ಲಿ ಹೊಸ ಸಾಕ್ಷ್ಯಕ್ಕೆ ಬಾಗಿಲು ಬಲು ಇಕ್ಕಟ್ಟು. ಕೈಯಲ್ಲೇ ಇದ್ದುದನ್ನು ಹಾಜರುಪಡಿಸದವರಿಗೆ ಅದು ಬಹುಮಟ್ಟಿಗೆ ಮುಚ್ಚಿದಂತೆಯೇ. ಅಪೀಲು ಹಾಕಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿ ಬೇಡಬೇಕು ಎಂದೂ ಹೇಳಬೇಕಾಯಿತು. ಆಕೆ ಏನೂ ಮಾತನಾಡದೆ ರಶೀದಿಗಳನ್ನು ಒಂದೊಂದಾಗಿ ಮಡಿಸಿ ಗಂಟು ಕಟ್ಟಿದರು. ಅಪೀಲು ನಿಲ್ಲದೆಂದು ಹೇಳಿ ಕಳಿಸಿಬಿಡುವುದರಲ್ಲಿದ್ದೆ. ನಾನು ಓದಿದ್ದುದು ಗೇಣಿಪತ್ರದ ಇಂಗ್ಲಿಷ್ ಅನುವಾದವನ್ನು ಮಾತ್ರ. ಕಡತಗಳನ್ನು ಒಂದು ವಾರ ಇಟ್ಟುಹೋಗುವಂತೆ ಕೇಳಿಕೊಂಡೆ.

ಮೇಲಿನ ಕೋರ್ಟಿನ ವಕೀಲನ ದಿನ ಕಳೆಯುವುದು ವಾಗ್ವಾದದಲ್ಲಲ್ಲ, ಇಂಥ ಓದಿನಲ್ಲಿ. ಸಾಕ್ಷಿಯ ಮುಖ ಅವನಿಗೆ ಕಾಣದು. ಕಾಣುವುದು ಮಾಸಿದ ಹಾಳೆ. ಮೂರನೆಯ ರಾತ್ರಿ ಕನ್ನಡ ಮೂಲದ ದೃಢೀಕೃತ ನಕಲನ್ನು ಓದುವಾಗ ಅನುವಾದಕ ಬಿಟ್ಟಿದ್ದ ಸಾಲೊಂದು ಸಿಕ್ಕಿತು: ಜಾಗವನ್ನು ವಂಶಪಾರಂಪರ್ಯವಾಗಿ ಅನುಭವಿಸತಕ್ಕದ್ದು. ಎರಡು ತೀರ್ಪುಗಳೂ ಬಾಕಿಯ ಷರತ್ತನ್ನು ಚರ್ಚಿಸಿದ್ದವು. ಈ ಸಾಲಿನ ಬಗ್ಗೆ ಚಕಾರವೆತ್ತಿರಲಿಲ್ಲ. ಹಕ್ಕುಪತ್ರದ ಅರ್ಥವೇನೆಂಬುದು ಸಂಗತಿಯಲ್ಲ, ಕಾನೂನಿನ ಪ್ರಶ್ನೆ. ತೊಂಬತ್ತು ದಿನಗಳ ವಾಯಿದೆಯಲ್ಲಿ ಹನ್ನೊಂದು ಉಳಿದಿದ್ದವು.

ಅಪೀಲು ವಿಚಾರಣೆಗೆ ಅಂಗೀಕಾರವಾಯಿತು, ತಡೆಯಾಜ್ಞೆಯೂ ದೊರೆಯಿತು. ತೀರ್ಪು ಬರಲು ಮಾತ್ರ ಏಳು ವರ್ಷ ಹಿಡಿಯಿತು. ಅದು ನಮ್ಮ ಪರವಾಗಿತ್ತು. ಅಂದೇ ಊರಿಗೆ ಕಾಗದ ಬರೆದೆ. ಉತ್ತರ ಬರೆದವನು ಆಕೆಯ ಮೊಮ್ಮಗ. ಅಜ್ಜಿ ಹಿಂದಿನ ಮಳೆಗಾಲದಲ್ಲಿ, ಆ ಮನೆಯಲ್ಲೇ, ತೀರಿಕೊಂಡಿದ್ದರು.