ಗಣಿಯೂರಿನ ಬ್ಯಾಂಕು



ನಾವಿಂದು ಹೇಳಹೊರಟಿರುವುದು ಅಮೆರಿಕದ ಪಶ್ಚಿಮ ವರ್ಜೀನಿಯದ ಕೀಸ್ಟೋನ್ ಎಂಬ ಕಲ್ಲಿದ್ದಲ ಊರಿನ ಕಥೆ. 1904ರಲ್ಲಿ ಅಲ್ಲಿ ಫಸ್ಟ್ ನ್ಯಾಷನಲ್ ಬ್ಯಾಂಕು ಹುಟ್ಟಿತು. ಗಣಿಯವರ ಕೂಲಿ, ಅಂಗಡಿಯವರ ಗಲ್ಲಾ ಅದಕ್ಕೆ ಆಧಾರ. ಮುಂದೆ ಗಣಿಗೆ ಯಂತ್ರಗಳಿಳಿದವು, ಕೈಗಳಿಗೆ ಕೆಲಸ ತಪ್ಪಿತು. 1950ರಲ್ಲಿ ಸುಮಾರು 99,000 ಜನರಿದ್ದ ಆ ಮೆಕ್‌ಡೊವೆಲ್ ಜಿಲ್ಲೆಯಲ್ಲಿ 2000ದ ಹೊತ್ತಿಗೆ ಉಳಿದವರು 27,000.

ಊರು ಸೊರಗಿತು, ಬ್ಯಾಂಕು ಕೊಬ್ಬಿತು! ಹೇಗೆ? 1990ರ ದಶಕದಲ್ಲಿ ಅದು ದೂರದೂರುಗಳ ಮನೆಸಾಲಗಳನ್ನು ಕೊಂಡು, ಕಂತೆ ಕಟ್ಟಿ, ಬಂಡವಾಳಗಾರರಿಗೆ ಮಾರತೊಡಗಿತು. ಎಷ್ಟೋ ಸಾಲಗಳು ಮನೆಯ ಬೆಲೆಯನ್ನೇ ಮೀರಿದ್ದವು. ಕೊಂಡವರಿಗೆಲ್ಲ ಸಂದಾಯವಾದ ಮೇಲೆ ಮಿಕ್ಕಿದ್ದು ಬ್ಯಾಂಕಿನ ಪಾಲು. ಆ ಮಿಕ್ಕೀತೆಂಬ ಹಣವನ್ನು ಮೊದಲೇ ಆಸ್ತಿಯೆಂದು ಬರೆದುಕೊಂಡರು. ರಾಶಿಯಾಗದ ಬೆಳೆಗೆ ಕಣಜ ತುಂಬಿತೆಂದ ಹಾಗೆ! ಹೆಚ್ಚು ಬಡ್ಡಿಯ ಆಸೆಗೆ ದೇಶದ ಮೂಲೆಮೂಲೆಯಿಂದ ಠೇವಣಿ ಹರಿಯಿತು. ಆಸ್ತಿ 110 ಕೋಟಿ ಡಾಲರಿಗೇರಿತು. ಬ್ಯಾಂಕಿನ ಅಧ್ಯಕ್ಷೆಯೇ ಊರಿನ ಮೇಯರ್. ಕೇಳುವವರಾರು?

1999ರಲ್ಲಿ ಸರ್ಕಾರದ ತನಿಖೆಯವರು ಕೇಳಿದರು. ಪುಸ್ತಕದಲ್ಲಿ ತೋರಿಸಿದ್ದ 51.5 ಕೋಟಿ ಡಾಲರಿನ ಸಾಲಗಳು ಬ್ಯಾಂಕಿನ ಸ್ವತ್ತೇ ಆಗಿರಲಿಲ್ಲ. ಸೆಪ್ಟೆಂಬರ್ 1ರಂದು ಬಾಗಿಲು ಮುಚ್ಚಿಸಿದರು. ಕಡತಗಳನ್ನು ಮೇಲಧಿಕಾರಿಯೊಬ್ಬರ ಜಮೀನಿನಲ್ಲಿ ಹೂತಿದ್ದರು. ಗಣಿಯೂರಲ್ಲವೇ, ಅಗೆಯುವುದು ಗೊತ್ತು!

ಒಂದು ಲಕ್ಷ ಡಾಲರಿನವರೆಗೆ ಠೇವಣಿಗೆ ವಿಮೆಯಿತ್ತು. ಅದಕ್ಕೂ ಹೆಚ್ಚು ಇಟ್ಟವರು ಕಳೆದುಕೊಂಡರು. ವಿಮಾನಿಧಿಗೆ ಬಿದ್ದ ಹೊಡೆತ 50 ಕೋಟಿ ಡಾಲರಿಗೂ ಮೀರಿದ್ದು. ಆ ನಿಧಿಗೆ ಕಂತು ತುಂಬಿದವರು ಉಳಿದ ಬ್ಯಾಂಕುಗಳು, ಅಂಥದೇ ಸಣ್ಣ ಊರುಗಳ ಬ್ಯಾಂಕುಗಳೂ ಸೇರಿ.