ಕಣಗಿಲೆ ಹುಳುವಿನ ಕೊಂಬು

ಮಳೆ ಶುರುವಾದರೆ ಸಾಕು, ಕೇಳುಗರ ಪತ್ರಗಳಲ್ಲಿ ಒಂದೇ ಗಾಬರಿ. ನಂದಿಬಟ್ಟಲು ಗಿಡದಲ್ಲಿ ಬೆರಳುದ್ದದ ಹಸಿರು ಹುಳು, ಮುಂದೆ ಎರಡು ನೀಲಿ ಕಣ್ಣು, ಹಿಂದೆ ಕೊಂಬು. ಕುಟುಕುತ್ತದೆಯೇ? ಮನೆಯಲ್ಲಿ ಮಕ್ಕಳಿದ್ದಾರಲ್ಲ!

ಕುಟುಕುವುದಿಲ್ಲ. ಕೊಂಬಿನಲ್ಲಿ ವಿಷವಿದೆ ಎನ್ನುವುದು ಶುದ್ಧ ಸುಳ್ಳು. ಎಷ್ಟು ಸಲ ಹೇಳಿದರೂ ಈ ಮಾತು ಸಾಯುವುದಿಲ್ಲ. ಕಂಬಳಿ ಹುಳುವಿನಂತೆ ಮೈಮೇಲೆ ರೋಮವಿಲ್ಲ, ತುರಿಕೆಯೂ ಇಲ್ಲ. ನಾನೇ ಅಂಗೈ ಮೇಲೆ ಹರಿದಾಡಿಸಿದ್ದೇನೆ; ಕಿರುಚಿದ್ದು ಪಕ್ಕದಲ್ಲಿದ್ದ ನಮ್ಮ ಅತ್ತಿಗೆ. ಆ ಕಣ್ಣುಗಳೂ ಬರೀ ಬಣ್ಣದ ಬೊಟ್ಟು. ಕೆಣಕಿದರೆ ಹುಳು ತಲೆ ಒಳಗೆಳೆದು ಎದೆ ಉಬ್ಬಿಸುತ್ತದೆ, ಬೊಟ್ಟು ಅಗಲವಾಗುತ್ತದೆ, ಹಕ್ಕಿ ಹಿಂಜರಿಯುತ್ತದೆ. ಅಷ್ಟೇ.

ಇದು ಒಲಿಯಾಂಡರ್ ಹಾಕ್ ಮಾತ್ ಎಂಬ ಪತಂಗದ ಮರಿ. ಕಣಗಿಲೆ ಇದರ ಮುಖ್ಯ ಆಹಾರ, ನಂದಿಬಟ್ಟಲೂ ಆದೀತು. ಹೆದರುವುದೇ ಆದರೆ ಕಣಗಿಲೆಗೆ ಹೆದರಿ. ಅದರ ಎಲೆ, ಹೂ, ಕಡ್ಡಿ, ಬೇರು ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಹುಳು ಅದನ್ನೇ ತಿಂದು ಕೊಬ್ಬುತ್ತದೆ, ನಮಗೂ ದನಕ್ಕೂ ಆ ಶಕ್ತಿ ಇಲ್ಲ. "ಕಹಿ ಎಲೆ, ದನ ಮೂಸುವುದೇ ಇಲ್ಲ" ಅನ್ನುತ್ತಾರೆ. ಹಸಿ ಎಲೆ ಬಿಟ್ಟೀತು. ಸವರಿ ಎಸೆದದ್ದು ಒಣಗಿ ಹುಲ್ಲಿನೊಂದಿಗೆ ಸೇರಿದರೆ ತಿನ್ನುತ್ತದೆ, ಒಣಗಿದರೆ ವಿಷ ಹೋಗುವುದಿಲ್ಲ. ಸುಟ್ಟರೆ ಹೊಗೆಯೂ ಕೆಟ್ಟದ್ದು. ಮತ್ತೆ ಹೇಳುತ್ತೇನೆ: ಸವರಿದ ಕಣಗಿಲೆಯನ್ನು ಬೇಲಿಯಾಚೆ ಎಸೆಯಬೇಡಿ, ಒಲೆಗೆ ಹಾಕಬೇಡಿ. ಪೂಜೆಗೆ ಹೂ ಕಿತ್ತ ಮಕ್ಕಳಿಗೆ ಕೈ ತೊಳೆಸಿ.

ಈಗ ಪತಂಗದ ಬಗ್ಗೆ ಎರಡು ಮಾತು. ಹಸಿರು ಛಾಯೆಯ ರೆಕ್ಕೆ, ಮುಸ್ಸಂಜೆಯಲ್ಲಿ ಪರಿಮಳದ ಹೂಗಳ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ಹಾರುವ ಮುನ್ನ ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಅದನ್ನು ಕಂಡು "ಪಾಪ, ಸಾಯುತ್ತಿದೆ" ಎಂದುಕೊಳ್ಳಬೇಡಿ. ಆಫ್ರಿಕಾ, ದಕ್ಷಿಣ ಏಷ್ಯಾಗಳಲ್ಲಿ ಕಾಯಂ ವಾಸ. ಆಫ್ರಿಕಾ ಕಡೆಯವು ಬೇಸಿಗೆಯಲ್ಲಿ ಮೆಡಿಟರೇನಿಯನ್ ದಾಟಿ ಯೂರೋಪಿಗೆ, ಅಪರೂಪಕ್ಕೆ ಬ್ರಿಟನ್ನಿಗೂ ಹೋಗುತ್ತವೆ. ಅಲ್ಲಿನ ಚಳಿಗಾಲವನ್ನು ಮಾತ್ರ ತಾಳಲಾರವು.

ಇನ್ನು ಔಷಧಿ ಹೊಡೆಯಬೇಕೇ ಎಂದು ಕೇಳಿದವರಿಗೆ: ಬೇಡ. ತಿಂದ ಗಿಡ ಮತ್ತೆ ಚಿಗುರುತ್ತದೆ. ತೀರಾ ಹೆಚ್ಚಾದರೆ ಕಡ್ಡಿಯಲ್ಲಿ ಎತ್ತಿ ಬೇರೆ ಕಣಗಿಲೆಗೆ ಬಿಡಿ. ಬಲಿತ ಹುಳು ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದು ತರಗೆಲೆಯಡಿ ಕೋಶವಾಗುತ್ತದೆ. ಅಂಥದು ಕಂಡರೆ ಎರಡು ಮೂರು ವಾರ ಗಿಡದ ಬುಡ ಗುಡಿಸಬೇಡಿ.