ಉರಿ ಎಲ್ಲರದು, ಹೊಗೆ ಯಾರದು?



ಹೆದ್ದಾರಿ ಬದಿಯಲ್ಲಿ ಈಚೆಗೆ ಒಂದು ಬೋರ್ಡು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ: 'ಸೌದೆ ಒಲೆಯ ನಾಟಿ ಊಟ'. ಕಾರು ನಿಲ್ಲಿಸಿ ಮುದ್ದೆ, ಸೊಪ್ಪಿನ ಸಾರು ಉಂಡವರು 'ಅಜ್ಜಿಯ ಕೈರುಚಿ ನೆನಪಾಯಿತು' ಅನ್ನುತ್ತಾರೆ. ಕೈರುಚಿ ನೆನಪಾಗುತ್ತದೆ. ಆ ಅಜ್ಜಿಯ ಕಣ್ಣು ಯಾಕೋ ನೆನಪಿಗೆ ಬರುವುದಿಲ್ಲ.

ತುಮಕೂರು, ಮಂಡ್ಯದ ಕಡೆ ಹಳ್ಳಿಮನೆಯಲ್ಲಿ ಬೆಳಗಿನ ಮುದ್ದೆ ಆಗುವುದನ್ನು ನೋಡಿದವರಿಗೆ ಗೊತ್ತು. ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಕೆದಕಿ, ತೆಂಗಿನ ನಾರು, ಪುರಳೆ ಇಟ್ಟು, ಊದುಗೊಳವೆಗೆ ಬಾಯಿ ಹಚ್ಚಿ ಊದಬೇಕು. ಎಸರು ಕುದಿಯುವ ತನಕ ಉರಿ ಜೋರಾಗಿರಬೇಕು. ಹಿಟ್ಟು ಹಾಕಿದ ಮೇಲೆ ಕೊಳ್ಳಿ ಹೊರಗೆಳೆದು ಬರೀ ಕೆಂಡದ ಮೇಲೆ ಬೇಯಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಹೀಗೆ ಎಳೆದ ಕೊಳ್ಳಿ ಉರಿಯುವುದನ್ನು ಬಿಟ್ಟು ಹೊಗೆಯಾಡತೊಡಗುತ್ತದೆ. ಸರಿಯಾಗಿ ಆ ಹೊತ್ತಿಗೇ ಹೆಂಗಸು ಕವೆಗೋಲಿನಿಂದ ಮಡಕೆಯನ್ನು ಅದುಮಿ ಹಿಡಿದು, ಮುಖ ಬಗ್ಗಿಸಿ, ಕೋಲಿನಿಂದ ಹಿಟ್ಟು ತೊಳಸಬೇಕು. ಕಣ್ಣೊರೆಸಿಕೊಳ್ಳೋಣವೆಂದರೆ ಕೈ ಎರಡೂ ಖಾಲಿ ಇಲ್ಲ.

ಮಳೆಗಾಲದ ಕಥೆಯೇ ಬೇರೆ. ಬೇಸಿಗೆಯಲ್ಲೇ ಸೌದೆ ಸೀಳಿ ಸೂರಿನಡಿ ಒಟ್ಟಬೇಕಾದ ಯಜಮಾನರು ಆಮೇಲೆ ಮಾಡಿದರಾಯಿತು ಅಂದಿರುತ್ತಾರೆ. ಆಷಾಢದಲ್ಲಿ ಹಸಿ ಸೌದೆ ಸುಯ್ಯೆಂದು ನೊರೆ ಕಾರುತ್ತದೆ. ಊಟ ತಡವಾದರೆ ಬೈಗುಳ ಮಾತ್ರ ಒಲೆಯ ಮುಂದೆ ಕೂತವಳಿಗೆ.

ಆ ಒಲೆಯನ್ನು ಪೂರ್ತಿ ಹಳಿಯಲಾರೆ. ಅದರ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜಿಗೆ ಸಾಟಿಯಿಲ್ಲ. ಅಟ್ಟದಲ್ಲಿ ತೂಗುಹಾಕಿದ ಬಿತ್ತನೆಯ ತೆನೆಗೆ ಹುಳ ಬೀಳದಂತೆ ಕಾದದ್ದು ಅದರ ಹೊಗೆ. ಪಾತ್ರೆ ಬೆಳಗಿದ್ದು ಅದರ ಬೂದಿ. ಆದರೆ ತೆನೆಗೆ ಒಳ್ಳೆಯದಾದ ಹೊಗೆ ಶ್ವಾಸಕೋಶಕ್ಕೂ ಒಳ್ಳೆಯದಾಗಬೇಕಲ್ಲ! ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಒಲೆಯ ಪಾಡನ್ನು ದೊಡ್ಡ ವಿದ್ವಾಂಸರೊಬ್ಬರು ಹಿಂದೆಯೇ ತಲೆಗೆ ಹಚ್ಚಿಕೊಂಡದ್ದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯ ಇಂಧನದ ಲೆಕ್ಕ ತೆಗೆದರೆ, ಹೆಚ್ಚಿನ ಪಾಲು ಸೌದೆ, ಅದೂ ಅಡುಗೆಗೆ. ಆ ಕೇಂದ್ರದಿಂದ ಬಂದದ್ದೇ ನಮ್ಮ ಹಳ್ಳಿಗಳು ಕಂಡ ಅಸ್ತ್ರ ಒಲೆ. ಒಂದೇ ಉರಿಗೆ ಮೂರು ಪಾತ್ರೆ. ಉಳಿದ ಹೊಗೆ ಕೊಳವೆಯಲ್ಲಿ ಸೂರಿನಾಚೆಗೆ. ಲೋಹ, ವಿದ್ಯುತ್ತು ಎಂದು ರಸಾಯನಶಾಸ್ತ್ರದಲ್ಲಿ ಮುಳುಗಿದ್ದವರು ಅಡುಗೆಮನೆಯ ನೆಲದ ಮೇಲೆ ಕೂತು ನೋಡಿದರು. ಅವರ ಆ ಗಮನ ನನಗೆ ಒಲೆಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಗ್ಯಾಸು ಬಂದಿದೆ. 2016ರ ಉಜ್ವಲ ಯೋಜನೆಯಲ್ಲಿ ಸಂಪರ್ಕ ಕೊಟ್ಟದ್ದೇ ಹೆಂಗಸರ ಹೆಸರಿಗೆ. ಆದರೂ ಎಷ್ಟೋ ಮನೆಗಳಲ್ಲಿ ಸಿಲಿಂಡರು ಮೂಲೆಯಲ್ಲಿರುತ್ತದೆ, ನೆಂಟರು ಬಂದಾಗ ಕಾಫಿಗೆ ಮಾತ್ರ. ತುಂಬಿಸುವ ದುಡ್ಡು ಕೂಲಿ ಮಾಡುವವರಿಗೆ ನಿಜಕ್ಕೂ ಭಾರ, ಅವರನ್ನು ಏನೂ ಅನ್ನುವಂತಿಲ್ಲ. ನಾನು ಹೇಳುತ್ತಿರುವುದು ಕೈಯಲ್ಲಿ ನಾಲ್ಕು ಕಾಸಿರುವ ಮನೆಗಳ ಮಾತು. ಅಲ್ಲಿ ಮೊಬೈಲಿನ ರೀಚಾರ್ಜು ಒಂದು ದಿನವೂ ತಪ್ಪುವುದಿಲ್ಲ. ಬೈಕಿಗೆ ಪೆಟ್ರೋಲು ಮುಗಿಯುವ ಮೊದಲೇ ಬಂಕಿಗೆ ಹೋಗುತ್ತೇವೆ. ಸಿಲಿಂಡರು ಮುಗಿಯಿತು ಅಂದಳೋ, 'ಸೌದೆ ಇದೆಯಲ್ಲ, ಎರಡು ದಿನ ನಡೀಲಿ' ಅನ್ನುತ್ತೇವೆ. ಆ ಎರಡು ದಿನ ವಾರವಾಗುತ್ತದೆ. ಹಾಗೆ ಅಂದವರು ಆ ವಾರದಲ್ಲಿ ಒಂದು ಬೆಳಿಗ್ಗೆಯಾದರೂ ಎದ್ದು ಒಲೆ ಹಚ್ಚಲಿ, ಮುದ್ದೆಯನ್ನೂ ತೊಳಸಲಿ. ಸಿಲಿಂಡರು ಬುಕ್ ಮಾಡುವ ಮಾತು ಆಮೇಲೆ ಆಡೋಣ.